ಲಾಸಾದ ಆಲಿಕಲ್ಲು, ಬೈಲುಕುಪ್ಪೆಯ ಚೆಂಡು

ಚೆಂಡು ಮೈದಾನದ ಗೆರೆ ದಾಟಿ ಮುಸುಕಿನ ಜೋಳದ ಹೊಲದೊಳಗೆ ಹೋಗಿ ಬಿತ್ತು. ತರಲು ಓಡಿದವನು ಹತ್ತು ಹನ್ನೆರಡು ವರ್ಷದ ಮರಿಸನ್ಯಾಸಿ. ಕೆಂಪು ಬಟ್ಟೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ಜೋಳದ ಸಾಲಿನ ನಡುವೆ ನುಗ್ಗಿದ. ಅವನು ಹೊರಗೆ ಬರುವಾಗ ಚೆಂಡು ಕೈಯಲ್ಲಿರಲಿಲ್ಲ, ಕಾಲಿನಲ್ಲಿತ್ತು. ಒದ್ದುಕೊಂಡೇ ಗೆರೆಯವರೆಗೆ ಬಂದು ಹನ್ನೊಂದನೇ ನಂಬರಿನ ಹುಡುಗನಿಗೆ ಪಾಸ್ ಕೊಟ್ಟ. ಮುಂದಿನ ಅರ್ಧ ನಿಮಿಷದಲ್ಲಿ ಆ ಹುಡುಗ ಮಾಡಿದ್ದನ್ನು ನೋಡಿದ ಮೇಲೆ ನಾನು ಅಲ್ಲಿಂದ ಕದಲಲಿಲ್ಲ.

ಚೆಂಡನ್ನು ಒಳಗೆ ಎಸೆದು ಮತ್ತೆ ತನ್ನ ಕಾಲಿಗೇ ತರಿಸಿಕೊಂಡ. ಎದುರಿಗೆ ಅವನಿಗಿಂತ ಒಂದು ಗೇಣು ಎತ್ತರದ ಬ್ಯಾಕ್ ನಿಂತಿದ್ದ. ಹುಡುಗ ಬಲಕ್ಕೆ ಹೋಗುವವನ ಹಾಗೆ ಭುಜ ಬಾಗಿಸಿದ. ಬ್ಯಾಕ್ ಅತ್ತ ವಾಲಿದ್ದೇ ತಡ, ಎಡಗಾಲಿನ ಹೊರಬದಿಯಿಂದ ಚೆಂಡನ್ನು ತಳ್ಳಿ ಗೆರೆಯ ಅಂಚಿನಲ್ಲೇ ಓಡಿದ. ಮಳೆ ನಿಂತು ಒಂದು ಗಂಟೆಯೂ ಆಗಿರಲಿಲ್ಲ, ಆ ಅಂಚೆಲ್ಲ ಕೆಸರು. ಕೆಸರಿನಲ್ಲಿ ಚೆಂಡು ನಿಂತುಬಿಡುತ್ತದೆಂದು ಅವನಿಗೆ ಗೊತ್ತಿತ್ತು. ಹಾಗಾಗಿ ಉರುಳಿಸಲಿಲ್ಲ, ಪಾದದ ತುದಿಯಿಂದ ಎತ್ತಿ ಎತ್ತಿ ಒಯ್ದ. ಕಾರ್ನರ್ ಬಾವುಟದ ಹತ್ತಿರದಿಂದ ಹೊಡೆದ ಚೆಂಡು ಗೋಲ್‌ಕೀಪರ್‌ನ ಕೈಗೆ ಸಿಗದಷ್ಟು ದೂರದಲ್ಲಿ ಬಾಗಿ ಬಂದು, ಓಡಿ ಬಂದವನ ಹಣೆಗೆ ಸರಿಯಾಗಿ ಸಿಕ್ಕಿತು. ಗೋಲು!

ಕಳೆದ ಆಗಸ್ಟಿನ ಒಂದು ಭಾನುವಾರ ಅದು. ಮನೆಗೆ ಬಂದ ನೆಂಟರಿಗೆ ಗೋಲ್ಡನ್ ಟೆಂಪಲ್ ತೋರಿಸಲು ಬೈಲುಕುಪ್ಪೆಗೆ ಹೋಗಿದ್ದೆ. ನೆಂಟರು ಮೊಮೊ ತಿನ್ನುತ್ತ ಕುಳಿತಾಗ ಕೂಗಾಟ ಕೇಳಿ, ಟಿಬೆಟನ್ ನಿರಾಶ್ರಿತರ ಕ್ಯಾಂಪಿನ ಮೈದಾನದ ಕಡೆ ಕಾಲು ಹಾಕಿದೆ. ಐದು ನಿಮಿಷವೆಂದು ಹೋದವನು ಎರಡು ಗಂಟೆ ನಿಂತೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆ ಬೆಳೆದವರಿಗೆ ಆಟವೆಂದರೆ ಕಬಡ್ಡಿ, ಖೋ ಖೋ, ವಾಲಿಬಾಲ್, ಜಾತ್ರೆಯ ಕುಸ್ತಿ, ಕೊಯ್ಲಾದ ಗದ್ದೆಯಲ್ಲಿ ಟೆನಿಸ್ ಬಾಲಿನ ಕ್ರಿಕೆಟ್. ಫುಟ್‌ಬಾಲನ್ನು ನಾವು ಟಿ.ವಿ.ಯಲ್ಲಿ ನೋಡಿದವರು, ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗ ರಾತ್ರಿ ಎದ್ದು ಕುಳಿತವರು. ಆದರೆ ನಮ್ಮದೇ ಪಿರಿಯಾಪಟ್ಟಣ ತಾಲ್ಲೂಕಿನೊಳಗೆ, ಮೈಸೂರು–ಮಡಿಕೇರಿ ರಸ್ತೆಯಿಂದ ಸ್ವಲ್ಪವೇ ಒಳಗೆ, ಅರವತ್ತು ವರ್ಷಗಳಿಂದ ಈ ಆಟವನ್ನೇ ಉಸಿರಾಡುವ ಜನವಿದ್ದಾರೆ. ಅಲ್ಲಿಗೆ ನಾವು ಹೋಗುವುದು ದೇವಸ್ಥಾನ ನೋಡಲು, ಸ್ವೆಟರ್ ಕೊಳ್ಳಲು. ಮೈದಾನದ ಕಡೆ ತಿರುಗುವುದಿಲ್ಲ.

ಹಾಫ್‌ಟೈಮಿನಲ್ಲಿ ಹುಡುಗನನ್ನು ಮಾತಾಡಿಸಿದೆ. ಹೆಸರು ಹಾಕಬೇಡಿ ಎಂದ, ಹಾಕುವುದಿಲ್ಲ.

“ಯಾವೂರಪ್ಪ?”

“ಇಲ್ಲೇ ಸರ್, ಕ್ಯಾಂಪೇ. ಹುಟ್ಟಿದ್ದೂ ಇಲ್ಲೇ.”

“ಓದ್ತಿದ್ದೀಯಾ?”

“ಮೈಸೂರಲ್ಲಿ ಸರ್. ಬಿ.ಕಾಂ. ಲಾಸ್ಟ್ ಇಯರ್. ಕಾಲೇಜು ಟೀಮಲ್ಲೂ ಆಡ್ತೀನಿ.”

ಅವನ ಕನ್ನಡ ನನ್ನದೇ ಕನ್ನಡ. ಪಿರಿಯಾಪಟ್ಟಣದ ಸಂತೆಯಲ್ಲಿ ಕಲಿತದ್ದು, ಬಸ್ಸಿನಲ್ಲಿ ಹದವಾದದ್ದು. ಕಾಲೇಜಿನ ನಾಯಕ ನೀನೇನಾ ಎಂದೆ. ನಕ್ಕ. “ಇಲ್ಲ ಸರ್. ನಾನು ಸೀಸನ್‌ನಲ್ಲಿ ಇರಲ್ವಲ್ಲ. ದೊಡ್ಡ ಟೂರ್ನಮೆಂಟ್ ಬರೋ ಹೊತ್ತಿಗೆ ನಮ್ದು ಸ್ವೆಟರ್ ಶುರುವಾಗುತ್ತೆ. ಅಪ್ಪನ ಜೊತೆ ಹೋಗ್ಬೇಕು.”

ಚಳಿಗಾಲ ಬಂತೆಂದರೆ ದೇಶದ ನೂರಾರು ಊರುಗಳ ರಸ್ತೆ ಬದಿಯಲ್ಲಿ ಟಿಬೆಟನ್ನರ ಉಣ್ಣೆ ಬಟ್ಟೆಯ ಅಂಗಡಿಗಳು ಏಳುತ್ತವೆ. ಕ್ಯಾಂಪಿನ ಎಷ್ಟೋ ಮನೆಗಳು ಇಡೀ ವರ್ಷ ಉಣ್ಣುವುದು ಆ ಮೂರು ತಿಂಗಳ ವ್ಯಾಪಾರದಿಂದ. ಈ ಹುಡುಗನ ಎಡಗಾಲು ಆ ತಿಂಗಳುಗಳಲ್ಲಿ ಯಾವುದೋ ಊರಿನ ಫುಟ್‌ಪಾತಿನ ಮೇಲೆ ಮಡಚಿಕೊಂಡಿರುತ್ತದೆ. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರರನ್ನು ಆರಿಸುವವರು ಅವನನ್ನು ನೋಡಿದ್ದಾರೋ ಇಲ್ಲವೋ. ನೋಡಿದ್ದರೆ ಬಿಡುತ್ತಿರಲಿಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಬೈಲುಕುಪ್ಪೆಯ ಕಥೆ ಓದುಗರಿಗೆ ಗೊತ್ತಿರುವುದೇ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಜನ ಬಂದರು. ಆಗಿನ ಮೈಸೂರು ರಾಜ್ಯ ಕೊಟ್ಟ ಮೂರು ಸಾವಿರ ಎಕರೆಯಷ್ಟು ಕಾಡುನೆಲದಲ್ಲಿ 1960–61ರ ಹೊತ್ತಿಗೆ ಲುಗ್‌ಸುಂಗ್ ಸಮ್‌ಡುಪ್ಲಿಂಗ್ ಎಂಬ ಮೊದಲ ವಸತಿ ಎದ್ದಿತು. 1969ರಲ್ಲಿ ಪಕ್ಕದಲ್ಲೇ ಡಿಕಿ ಲಾರ್ಸೊ, 1972ರಲ್ಲಿ ಹುಣಸೂರಿನ ಗುರುಪುರ. ಹಿಮದ ನಾಡಿನವರು ಆನೆಯ ಕಾಡು ಕಡಿದು ಮುಸುಕಿನ ಜೋಳ ಹಾಕಿದರು. ಬಿಸಿಲಿಗೆ, ಜ್ವರಕ್ಕೆ ಸತ್ತವರ ಲೆಕ್ಕ ಹಿರಿಯರ ಬಾಯಲ್ಲಿ ಮಾತ್ರ ಉಳಿದಿದೆ. ಹುಡುಗನ ತಾತ ಆ ಮೊದಲ ತಂಡಗಳಲ್ಲೊಂದರಲ್ಲಿ ಬಂದವರಂತೆ. ಅವರಿಗೆ ಫುಟ್‌ಬಾಲ್ ಕಂಡರೆ ಆಗುತ್ತಿರಲಿಲ್ಲ ಎಂದ.

“ಯಾಕೆ?”

“ಚೆಂಡು ಒದೆಯೋದು ಬುದ್ಧನ ತಲೆ ಒದ್ದ ಹಾಗೆ ಅಂತಿದ್ರು ಸರ್.”

ಆ ಮಾತು ನನ್ನನ್ನು ಹಿಡಿದುಕೊಂಡಿತು. ಮನೆಗೆ ಬಂದ ಮೇಲೆ ಹಳೆಯ ಕಡತ, ಪ್ರವಾಸ ಕಥನಗಳನ್ನೆಲ್ಲ ಕೆದಕಿದೆ. ಸಿಕ್ಕಿದ್ದನ್ನು ಹೇಳದೆ ಇರಲಾರೆ, ಸ್ವಲ್ಪ ದೂರ ಹೋದರೂ ಓದುಗರು ಜೊತೆಗೆ ಬರಬೇಕು.

ಟಿಬೆಟ್‌ಗೆ ಫುಟ್‌ಬಾಲನ್ನು ತಂದವರು ಬ್ರಿಟಿಷರು. ಗ್ಯಾಂಟ್ಸೆ ಎಂಬ ಊರಿನಲ್ಲಿ 1923ರಿಂದ 1926ರವರೆಗೆ ಫ್ರಾಂಕ್ ಲಡ್ಲೊ ಎಂಬ ಇಂಗ್ಲಿಷ್ ಮೇಷ್ಟ್ರು ಟಿಬೆಟ್ ಸರ್ಕಾರಕ್ಕಾಗಿ ಒಂದು ಶಾಲೆ ನಡೆಸಿದರು. ಸಿರಿವಂತರ ಮನೆಯ ಮಕ್ಕಳಿಗೆ ಇಂಗ್ಲಿಷ್, ಲೆಕ್ಕದ ಜೊತೆ ಚೆಂಡು ಒದೆಯುವುದನ್ನೂ ಕಲಿಸಿದರು. ಮೂರೇ ವರ್ಷಕ್ಕೆ ಶಾಲೆ ಮುಚ್ಚಿತು. ಆಟ ಮಾತ್ರ ಹೋಗಲಿಲ್ಲ. 1936ರಲ್ಲಿ ಬೇಸಿಲ್ ಗೌಲ್ಡ್ ನೇತೃತ್ವದ ಬ್ರಿಟಿಷ್ ನಿಯೋಗ ಲಾಸಾಕ್ಕೆ ಹೋದಾಗ ಅಲ್ಲೊಂದು ತಂಡ ಆಗಲೇ ಸಿದ್ಧವಾಗಿತ್ತು. ಅದರ ಹೆಸರು ಲಾಸಾ ಯುನೈಟೆಡ್! ನೇಪಾಳಿಗಳು, ಲಡಾಖಿಗಳು, ಟಿಬೆಟನ್ನರು ಎಲ್ಲ ಸೇರಿದ ತಂಡ. ನಿಯೋಗದವರು ತಮ್ಮ ತಂಡಕ್ಕೆ ಆ ಬೆಟ್ಟಗಳ ಬಿಲವಾಸಿ ಪ್ರಾಣಿ ಮಾರ್ಮಟ್‌ನ ಹೆಸರಿಟ್ಟರು. ನಿಯೋಗದಲ್ಲಿದ್ದ ಸ್ಪೆನ್ಸರ್ ಚಾಪ್‌ಮನ್ ತನ್ನ ಪುಸ್ತಕದಲ್ಲಿ ಈ ಆಟಗಳ ಬಗ್ಗೆ ಬರೆದಿದ್ದಾನೆ. ಸಮುದ್ರಮಟ್ಟದಿಂದ ಮೂರೂವರೆ ಸಾವಿರ ಮೀಟರಿಗೂ ಎತ್ತರದ ಊರು ಲಾಸಾ. ಅಲ್ಲಿನ ತೆಳುಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುತ್ತದೆ, ಓಡುವವನ ಎದೆ ಬೇಗ ಬತ್ತುತ್ತದೆ.

1940ರ ದಶಕದ ಹೊತ್ತಿಗೆ ಲಾಸಾದಲ್ಲಿ ಹನ್ನೊಂದು ತಂಡಗಳಿದ್ದವಂತೆ. ಹೀಗೆ ಬರೆದವನು ‘ಟಿಬೆಟ್‌ನಲ್ಲಿ ಏಳು ವರ್ಷ’ ಪುಸ್ತಕದ ಹೈನ್‌ರಿಖ್ ಹ್ಯಾರರ್. ಅವನು 1946ರ ಜನವರಿಯಲ್ಲಿ ಲಾಸಾ ಮುಟ್ಟುವ ಮೊದಲೇ ಆಟ ನಿಷೇಧವಾಗಿತ್ತು. ಕಾರಣ, ಆಲಿಕಲ್ಲು. ಪಂದ್ಯ ನಡೆಯುತ್ತಿದ್ದಾಗಲೇ ಆಲಿಕಲ್ಲು ಮಳೆ ಸುರಿದು ಬೆಳೆ ಹಾಳಾಯಿತು, ಆಟದಿಂದ ದೇವತೆಗಳು ಮುನಿದರು ಎಂದಾಯಿತು, ಲಾಸಾದ ಫುಟ್‌ಬಾಲ್ ಅಲ್ಲಿಗೆ ನಿಂತುಹೋಯಿತು.

ಓದಿದವರಿಗೆ ನಗು ಬರಬಹುದು. ನನಗೆ ಬರಲಿಲ್ಲ. ನಾನು ಹೊಗೆಸೊಪ್ಪು ಬೆಳೆಯುವ ಮನೆಯವನು. ನಾಟಿ ಮಾಡಿ ಹದಿನೈದು ದಿನವಾದ ಗಿಡದ ಮೇಲೆ ಆಲಿಕಲ್ಲು ಬಿದ್ದರೆ ಏನಾಗುತ್ತದೆಂದು ಬಾಲ್ಯದಲ್ಲೇ ಕಂಡಿದ್ದೇನೆ. ಹತ್ತು ನಿಮಿಷ, ಅಷ್ಟೇ. ಎಲೆಯೆಲ್ಲ ಜರಡಿ. ಅಪ್ಪ ಹೊಲದ ಬದುವಿನ ಮೇಲೆ ಕುಳಿತವರು ಸಂಜೆಯವರೆಗೆ ಏಳಲಿಲ್ಲ. ಸೊಪ್ಪು ಒಣಗಿಸುವ ಬ್ಯಾರನ್‌ಗೆ ಸೌದೆ ತರಿಸಿ ಆಗಿತ್ತು, ಸಾಲ ಮಾಡಿ ಆಗಿತ್ತು. ಆ ಹೊತ್ತಿನಲ್ಲಿ ಯಾರಾದರೂ ಬಂದು ಇದಕ್ಕೆಲ್ಲ ಕಾರಣ ಊರಾಚೆಯ ಆಟ ಎಂದಿದ್ದರೆ ಅಪ್ಪ ನಂಬಿಯೇ ಬಿಡುತ್ತಿದ್ದರು. ಬಾರ್ಲಿಯೊಂದನ್ನೇ ನಂಬಿ ಬದುಕುವ ನಾಡಿನಲ್ಲಿ ಆಲಿಕಲ್ಲಿನ ಭಯ ಇನ್ನೆಷ್ಟಿರಬೇಡ! ಮಂತ್ರ ಹಾಕಿ ಆಲಿಕಲ್ಲು ತಡೆಯುವುದನ್ನೇ ಕಸುಬಾಗಿಸಿಕೊಂಡ ತಾಂತ್ರಿಕರು ಟಿಬೆಟ್‌ನಲ್ಲಿದ್ದರು. ಹೊಲ ಕಾಯುವುದು ಅವರ ಹೊಣೆ.

ಆದರೂ ಆಲಿಕಲ್ಲೊಂದೇ ಕಾರಣವೆಂದು ನನಗನ್ನಿಸುವುದಿಲ್ಲ. 1944ರಲ್ಲಿ ಲಾಸಾದಲ್ಲಿ ಒಂದು ಇಂಗ್ಲಿಷ್ ಶಾಲೆ ತೆರೆಯಿತು, ಮಠಗಳ ವಿರೋಧಕ್ಕೆ ಸಿಕ್ಕಿ ಕೆಲವೇ ತಿಂಗಳಲ್ಲಿ ಮುಚ್ಚಿತು. ಫುಟ್‌ಬಾಲಿನ ಮೇಲೆ ಕೋಪ ಬಂದದ್ದೂ ಅದೇ ಸುಮಾರಿಗೆ. ಪರದೇಶದವರ ನಡೆನುಡಿ ಮಕ್ಕಳ ಮೈಗೆ ಹತ್ತುತ್ತಿದೆ ಎಂಬ ಅಂಜಿಕೆ ಮೊದಲೇ ಇತ್ತು, ಆಲಿಕಲ್ಲು ಅದಕ್ಕೊಂದು ನೆಪ ಕೊಟ್ಟಿತು. ಹಾಗೆ ನಿಂತ ಆಟವನ್ನು, ಅದೇ ಜನರ ಮೊಮ್ಮಕ್ಕಳು, ಮರಿಮಕ್ಕಳು ಪಿರಿಯಾಪಟ್ಟಣದ ಕೆಸರಿನಲ್ಲಿ ಆಡುತ್ತಿದ್ದಾರೆ. ಗೆರೆಯಾಚೆಯಿಂದ ಚೆಂಡು ತಂದುಕೊಡುವವನು ಸನ್ಯಾಸಿ. ಇದನ್ನು ಕಣ್ಣಾರೆ ಕಂಡ ಖುಷಿ ನನಗಿನ್ನೂ ಇಳಿದಿಲ್ಲ.

ನಿರಾಶ್ರಿತರಾಗಿ ಬಂದ ಮೇಲೆ ಶಾಲೆಗಳಲ್ಲಿ ಆಟ ಮತ್ತೆ ಚಿಗುರಿತು. ದಲೈ ಲಾಮಾ ಅವರ ತಾಯಿ 1981ರಲ್ಲಿ ತೀರಿಕೊಂಡರು. ಟಿಬೆಟನ್ನರು ಅವರನ್ನು ಗ್ಯಾಲ್ಯುಮ್ ಚೆನ್ಮೊ, ಎಂದರೆ ಮಹಾಮಾತೆ ಎನ್ನುತ್ತಾರೆ. ಅವರ ನೆನಪಿಗೆ ಅದೇ ವರ್ಷ ಚಿನ್ನದ ಕಪ್ಪಿನ ಟೂರ್ನಿ ಶುರುವಾಯಿತು. ಬೈಲುಕುಪ್ಪೆ, ಮುಂಡಗೋಡದಂಥ ವಸತಿಗಳ ಹುಡುಗರಿಗೆ ಅದೇ ವಿಶ್ವಕಪ್. ಬುದ್ಧನ ತಲೆ ಒದೆಯುವ ಆಟವೆನಿಸಿಕೊಂಡದ್ದು ದಲೈ ಲಾಮಾರ ತಾಯಿಯ ಹೆಸರಿನ ಕಪ್ಪಿಗೆ ನಡೆಯುವ ಆಟವಾಗಲು ನಾಲ್ಕು ದಶಕವೂ ಬೇಕಾಗಲಿಲ್ಲ.

ಟಿಬೆಟ್‌ಗೆ ರಾಷ್ಟ್ರೀಯ ತಂಡವೂ ಒಂದಿದೆ. ಅದರ ಹಿಂದೆ ಇದ್ದವನು ಡೆನ್ಮಾರ್ಕಿನ ಮೈಕೆಲ್ ನೈಬ್ರಾಂಟ್ ಎಂಬ ಯುವಕ. 1997ರಲ್ಲಿ ಸೈಕಲ್ಲಿನಲ್ಲಿ ಟಿಬೆಟ್ ಸುತ್ತಿದವನು, ಟಿಬೆಟ್‌ನ ತಂಡಕ್ಕೆ ತಾನೇ ನಾಯಕನಾದಂತೆ ಕನಸು ಕಂಡನಂತೆ. ಕನಸನ್ನು ಅಲ್ಲಿಗೇ ಬಿಡದೆ, ನಿರಾಶ್ರಿತ ಟಿಬೆಟನ್ನರ ಆಡಳಿತವಿರುವ ಧರ್ಮಶಾಲಾಕ್ಕೆ ಬಂದ. ವಸತಿಗಳಿಂದ ಆಯ್ದ ಹುಡುಗರು ತರಬೇತಿಗೆ ಸೇರಿದರು. ಹಮ್ಮೆಲ್ ಎಂಬ ಡೆನ್ಮಾರ್ಕಿನ ಕಂಪನಿ ಜೆರ್ಸಿ ಹೊಲಿಸಿಕೊಟ್ಟಿತು. 2001ರ ಜೂನ್ 30ರಂದು ಕೋಪನ್‌ಹೇಗನ್ನಿನ ವಾನ್‌ಲೂಸೆ ಮೈದಾನದಲ್ಲಿ ಟಿಬೆಟ್ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿತು. ಎದುರಾಳಿ ಗ್ರೀನ್‌ಲ್ಯಾಂಡ್. ಟಿಬೆಟ್‌ನಂತೆ ಅದಕ್ಕೂ ಫಿಫಾದಲ್ಲಿ ಜಾಗವಿಲ್ಲ. ಪಂದ್ಯ ನಿಲ್ಲಿಸಬೇಕೆಂದು ಚೀನಾ ಒತ್ತಡ ಹೇರಿತು, ಗ್ರೀನ್‌ಲ್ಯಾಂಡಿನ ಸಿಗಡಿ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಂಬ ಬೆದರಿಕೆಯೂ ಬಂತು. ಪಂದ್ಯ ನಿಲ್ಲಲಿಲ್ಲ. ಗ್ರೀನ್‌ಲ್ಯಾಂಡ್ 4–1ರಿಂದ ಗೆದ್ದಿತು. ಈ ಕಥೆಯ ಸಾಕ್ಷ್ಯಚಿತ್ರ ‘ದಿ ಫರ್ಬಿಡನ್ ಟೀಮ್’ 2003ರಲ್ಲಿ ಬಂತು.

ಹನ್ನೊಂದನೇ ನಂಬರಿನ ಹುಡುಗ ಆ ಪಂದ್ಯದ ಹೊತ್ತಿಗೆ ಹುಟ್ಟಿರಲಿಲ್ಲ. ಆದರೆ ಅದರ ಒಂದು ಗೋಲನ್ನು, ಟಿಬೆಟ್ ಹೊಡೆದ ಆ ಒಂದನ್ನು, ಕೈಯಲ್ಲಿ ಗಾಳಿಗೆ ಗೆರೆ ಎಳೆದು ನನಗೆ ತೋರಿಸಿದ. ಸೋತ ನಾಲ್ಕರ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ.

2006ರಲ್ಲಿ ತಂಡ ಜರ್ಮನಿಯ ಹ್ಯಾಂಬರ್ಗಿನಲ್ಲಿ ಫಿಫಾದ ಹೊರಗಿನವರ ಟೂರ್ನಿಯೊಂದರಲ್ಲಿ ಆಡಿತು. ಅಲ್ಲಿ ಎದುರಿಗೆ ಸಿಕ್ಕ ಜಿಬ್ರಾಲ್ಟರ್ ಹತ್ತು ವರ್ಷದಲ್ಲಿ ಫಿಫಾದ ಒಳಗೆ ಹೋಯಿತು, ಟಿಬೆಟ್ ಹೊರಗೇ ಉಳಿಯಿತು. 2018ರಲ್ಲಿ ಲಂಡನ್ನಿನಲ್ಲಿ ನಡೆದ, ಫಿಫಾದ ಹೊರಗಿನ ತಂಡಗಳ ಕೊನಿಫಾ ವಿಶ್ವಕಪ್ಪಿಗೆ ಟಿಬೆಟ್‌ಗೆ ಆಹ್ವಾನ ಬಂತು. ಬಿದ್ದ ಗುಂಪು ಎಂಥದೆಂದರೆ, ಹಿಂದಿನ ಸಲದ ಚಾಂಪಿಯನ್ ಅಬ್ಖಾಜಿಯಾ, ಜೊತೆಗೆ ಉತ್ತರ ಸೈಪ್ರಸ್ ಮತ್ತು ಕಾರ್ಪಾತಲ್ಯ. ಕೊನೆಗೆ ಫೈನಲ್ ಆಡಿದ್ದೇ ಉತ್ತರ ಸೈಪ್ರಸ್ ಮತ್ತು ಕಾರ್ಪಾತಲ್ಯ, ಕಪ್ ಗೆದ್ದದ್ದು ಕಾರ್ಪಾತಲ್ಯ! ಇಂಥ ಗುಂಪಿನಲ್ಲಿ ಮೂರೂ ಪಂದ್ಯ ಸೋತದ್ದನ್ನು ಸೋಲೆಂದು ಬರೆಯಲು ನನ್ನ ಪೆನ್ನು ಏಳುವುದಿಲ್ಲ. ಹುಡುಗಿಯರ ಪಾಡು ಬೇರೆ. 2017ರಲ್ಲಿ ಅಮೆರಿಕದ ಡಲ್ಲಾಸಿನ ಟೂರ್ನಿಗೆ ಹೊರಟ ಟಿಬೆಟ್ ಮಹಿಳಾ ತಂಡದ ಆಟಗಾರ್ತಿಯರಿಗೆ ದೆಹಲಿಯಲ್ಲಿ ವೀಸಾವೇ ಸಿಗಲಿಲ್ಲ.

ಎರಡನೇ ಹಾಫ್‌ಗೆ ಇನ್ನೂ ಎರಡು ನಿಮಿಷವಿತ್ತು. ಇಷ್ಟು ಚೆನ್ನಾಗಿ ಆಡುವವನು ಭಾರತ ತಂಡಕ್ಕೇ ಪ್ರಯತ್ನಿಸಬಹುದಲ್ಲ ಎಂದೆ. ಸ್ಟಡ್‌ನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತಿದ್ದವನು ತಲೆ ಎತ್ತದೆ, “ಆರ್‌ಸಿ ಸರ್” ಎಂದ.

ಅವರ ಜೇಬಿನಲ್ಲಿರುವ ರಿಜಿಸ್ಟ್ರೇಷನ್ ಸರ್ಟಿಫಿಕೇಟಿಗೆ ಕ್ಯಾಂಪಿನಲ್ಲಿ ಎಲ್ಲರೂ ಹೇಳುವುದು ಆರ್‌ಸಿ ಎಂದೇ. ಅದು ವಿದೇಶಿಯರಿಗೆ ಕೊಡುವ ಕಾಗದ, ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಐಸಿ, ಎಂದರೆ ಐಡೆಂಟಿಟಿ ಸರ್ಟಿಫಿಕೇಟ್, ಎಂಬ ಹಳದಿ ಪುಸ್ತಕ. ಭಾರತದ ಜೆರ್ಸಿ ತೊಡಬೇಕಾದರೆ ಭಾರತದ ಪಾಸ್‌ಪೋರ್ಟ್ ಇರಲೇಬೇಕು. ಕಾನೂನಿನಲ್ಲಿ ದಾರಿಯಿಲ್ಲವೆಂದಲ್ಲ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿತು, 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೆ ಹೇಳಿತು. 2004ರ ಡಿಸೆಂಬರಿಗೆ ಮೊದಲು ಹುಟ್ಟಿದವನ ತಂದೆ ಅಥವಾ ತಾಯಿ ಅಂಥವರಾಗಿದ್ದರೆ ಅವನೂ ಹಕ್ಕು ಕೇಳಬಹುದು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಒಪ್ಪಿದ ಸರ್ಕಾರ ಷರತ್ತು ಹಾಕಿತು. ಆರ್‌ಸಿ, ಐಸಿ ರದ್ದಾಗಬೇಕು. ಟಿಬೆಟನ್ ಆಡಳಿತದಿಂದ ಬರುವ ಸವಲತ್ತು ಬಿಡಬೇಕು. ನಿರಾಶ್ರಿತರ ವಸತಿಯಲ್ಲಿ ವಾಸವಿರಬಾರದು.

ಅಂದರೆ ಭಾರತಕ್ಕೆ ಆಡಬೇಕೆಂದರೆ ಮೊದಲು ಬೈಲುಕುಪ್ಪೆ ಬಿಡಬೇಕು. ತಾತ ಕಾಡು ಕಡಿದು ಮಾಡಿದ ಹೊಲ, ಅವ್ವನ ಅಡುಗೆಮನೆ, ಈ ಮೈದಾನ. “ಮನೆಲಿ ಕೇಳ್ದೆ ಸರ್ ಒಂದ್ಸಲ,” ಎಂದ. “ಅಮ್ಮ ಏನೂ ಹೇಳ್ಲಿಲ್ಲ. ಅವತ್ತು ಊಟ ಮಾಡ್ಲಿಲ್ಲ.”

ನನಗೆ ಟಿ. ಆವೊ ನೆನಪಾದರು. ಕಾಲೇಜು ಹುಡುಗನೊಬ್ಬ ಫುಟ್‌ಬಾಲಿನಿಂದ ದೇಶದ ಮುಖವಾದದ್ದಕ್ಕೆ ನನಗೆ ಗೊತ್ತಿರುವ ಅತ್ಯಂತ ದೊಡ್ಡ ಉದಾಹರಣೆ ಅವರು. ನಾಗಾ ಬೆಟ್ಟಗಳ ಚಾಂಗ್ಕಿಯಲ್ಲಿ ಹುಟ್ಟಿ, ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ಓದಿ, ಕೋಲ್ಕತ್ತದ ಕಾರ್ಮೈಕಲ್ ಮೆಡಿಕಲ್ ಕಾಲೇಜು ಸೇರಿದರು. ಡಾಕ್ಟರಿಕೆ ಓದುತ್ತಲೇ ಮೋಹನ್ ಬಗಾನ್‌ಗೆ ಆಡಿದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ತಂಡದ ನಾಯಕ ಅವರೇ, ಉದ್ಘಾಟನೆಯ ದಿನ ತ್ರಿವರ್ಣ ಧ್ವಜ ಹಿಡಿದು ನಡೆದವರೂ ಅವರೇ. ಜುಲೈ 31ರಂದು ಫ್ರಾನ್ಸ್ ಎದುರು ನಮ್ಮ ಹನ್ನೊಂದರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಇಳಿದರು. ಎರಡು ಪೆನಾಲ್ಟಿ ಕೈತಪ್ಪಿ 2–1ರಿಂದ ಸೋತರು. ನಮ್ಮ ಪರವಾಗಿ ಬಂದ ಒಂದೇ ಗೋಲು, ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು, ಹೊಡೆದವರು ಮೈಸೂರು ಸಂಸ್ಥಾನದ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಅದೇ ತಂಡದಲ್ಲಿದ್ದರು. ಆಮೇಲೆ ಆವೊ ನಾಗಾಲ್ಯಾಂಡಿಗೆ ಮರಳಿ ವೈದ್ಯರಾಗಿ ದುಡಿದರು, ಅಲ್ಲಿನ ಆರೋಗ್ಯ ಇಲಾಖೆಯ ನಿರ್ದೇಶಕರಾದರು.

ಅವರಿಗೆ ಅಪ್ಪನ ಊರಿನ ನಂಟು ಕಡಿದುಕೊಳ್ಳದೆಯೇ ದೇಶದ ಜೆರ್ಸಿ ಸಿಕ್ಕಿತು. ಆಟ ಮುಗಿದ ಮೇಲೆ ಅದೇ ಊರಿನ ಕಡೆಗೆ ಮರಳಲೂ ಆಯಿತು. ಈ ಹುಡುಗನಿಗೆ ಅಷ್ಟಾದರೂ ಇರಬೇಕಿತ್ತೆಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. 2023ರ ಮಾರ್ಚಿನಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಎತ್ತಿದಾಗ ನಾವೆಲ್ಲ ಹಿಗ್ಗಿದೆವು. ಆ ಪಂದ್ಯವನ್ನು ಅವನು ಕ್ಯಾಂಪಿನ ಅಂಗಡಿಯಲ್ಲಿ ಗೆಳೆಯರ ಜೊತೆ ಫೋನಿನಲ್ಲಿ ನೋಡಿದನಂತೆ. “ನಮ್ ಸ್ಟೇಟ್ ಸರ್” ಎಂದ. ಹಾಗೆ ಹೇಳುವಾಗ ಅವನು ಒಂದು ಗಳಿಗೆಯೂ ತಡವರಿಸಲಿಲ್ಲ.

ಎರಡನೇ ಹಾಫ್‌ನಲ್ಲಿ ಎದುರು ತಂಡ ಅವನ ಮೇಲೆ ಇಬ್ಬರನ್ನು ಬಿಟ್ಟಿತು. ಒಬ್ಬ ಭುಜಕ್ಕೆ ಅಂಟಿಕೊಂಡ, ಇನ್ನೊಬ್ಬ ಹಿಂದೆ ಕಾದ. ಹುಡುಗ ಎಡ ಅಂಚು ಬಿಟ್ಟು ನಡುವಿಗೆ ಬಂದ, ಚೆಂಡನ್ನು ಒಂದೇ ಮುಟ್ಟಿನಲ್ಲಿ ಅತ್ತಿತ್ತ ಹಂಚತೊಡಗಿದ. ಕಾಯಲು ಬಂದ ಇಬ್ಬರೂ ಅವನ ಹಿಂದೆಯೇ ನಡುವಿಗೆ ಬಂದರು, ಎಡ ಅಂಚು ಬಯಲಾಯಿತು. ಅಲ್ಲಿ ಓಡಿ ಬಂದ ಸಣ್ಣ ಹುಡುಗನಿಗೆ ದಾರಿ ಸಿಕ್ಕಿತು. ಗೋಲಾಗಲಿಲ್ಲ, ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಬೆಂಚಿನ ಮೇಲೆ ಕುಳಿತ ಮುದುಕರೊಬ್ಬರು ಜಪಮಣಿ ನಿಲ್ಲಿಸಿ ತೊಡೆ ತಟ್ಟಿದರು, ಮತ್ತೆ ಎಣಿಸತೊಡಗಿದರು.

ಪಶ್ಚಿಮದಲ್ಲಿ ಮೋಡ ಕಪ್ಪಾಯಿತು. ಕೊಡಗಿನ ಕಡೆಯಿಂದ ಬರುವ ಮಳೆ ನಮಗೆಲ್ಲ ಗೊತ್ತಿರುವುದೇ, ಕಂಡರೆ ಕಾಲು ಗಂಟೆಯಲ್ಲಿ ಮೇಲೇ ಬಂದಿರುತ್ತದೆ. ದಪ್ಪ ಹನಿ ಬಿದ್ದವು. ನೋಡುತ್ತ ನಿಂತವರು ಚದುರಿದರು, ನೆಂಟರು ಮೂರು ಸಲ ಫೋನ್ ಮಾಡಿದ್ದರು. ಆಡುವವರು ನಿಲ್ಲಿಸಲಿಲ್ಲ. ಕಾರಿನ ಬಾಗಿಲು ತೆಗೆಯುವಾಗ ತಿರುಗಿ ನೋಡಿದೆ. ಹನ್ನೊಂದನೇ ನಂಬರು ಮತ್ತೆ ಎಡ ಅಂಚಿಗೆ ಹೋಗಿ ಕೈ ಎತ್ತಿ ಚೆಂಡು ಕೇಳುತ್ತಿದ್ದ.